ಕಾಳಿ ಒಂದರ ಬ್ಲೂಸ್: ಒಂದು ಜಾಝ್ ಆಲ್ಬಮ್ ಎರಡು ಸಲ ರೆಕಾರ್ಡ್ ಆದ ಪ್ರಕರಣ

ಧಾರವಾಡದ ಗಿಟಾರ್ ವಾದಕರೊಬ್ಬರು ತಮ್ಮ ಮೊದಲ ಜಾಝ್ ಆಲ್ಬಮ್ಮನ್ನು ಎರಡು ಸಲ ರೆಕಾರ್ಡ್ ಮಾಡಿದರು. ಮೊದಲ ಸಲ ಜುಲೈ ತಿಂಗಳಲ್ಲಿ, ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ, 38 ತಾಸು, ಒಂಬತ್ತು ಟ್ಯೂನ್. ಎರಡನೆಯ ಸಲ ಜನವರಿಯಲ್ಲಿ, ಧಾರವಾಡದ ಮಾಳಮಡ್ಡಿಯ ಹಳೆಯ ಮನೆಯೊಂದರ ಪಡಸಾಲೆಯಲ್ಲಿ, ಮೂರು ರಾತ್ರಿ, ಏಳು ಟ್ಯೂನ್. ಹೊರಗೆ ಬಂದದ್ದು ಎರಡನೆಯದು. ನುಡಿಸಿದವರು ಎರಡೂ ಸಲ ಅದೇ ಮೂವರು: ಗಿಟಾರ್, ಫ್ರೆಟ್‌ಲೆಸ್ ಬೇಸ್, ತಬಲಾ. ಮೊದಲನೆಯದು ಕೆಟ್ಟದ್ದು ಯಾರ ಕೈ ಸಾಲದೆ ಅಲ್ಲ. ಸ್ಟುಡಿಯೋಗೆ ಹೋಗುವ ಮೊದಲು ಹಾಳೆಯ ಮೇಲೆ ಮುಗಿಯಬೇಕಾದ ತೀರ್ಮಾನಗಳು ಸ್ಟುಡಿಯೋದಲ್ಲಿ, ಮೀಟರ್ ಓಡುತ್ತಿದ್ದಾಗ, ತಲೆಕೆಟ್ಟ ಹೊತ್ತಿನಲ್ಲಿ ಆದವು.

ಗಿಟಾರಿನವರಿಗೆ 31 ವರ್ಷ, ಹುಬ್ಬಳ್ಳಿಯಲ್ಲಿ ಪಾಠ ಹೇಳಿ ಜೀವನ. ಬೇಸ್ (ತಗ್ಗು ಸ್ವರದ ಗಿಟಾರ್; ಫ್ರೆಟ್‌ಲೆಸ್ ಎಂದರೆ ಅದರ ಕುತ್ತಿಗೆಯ ಮೇಲೆ ಫ್ರೆಟ್ ಪಟ್ಟಿಗಳಿಲ್ಲ) ನುಡಿಸುವವರು ಗೋವೆಯ ಹೋಟೆಲ್ ಬ್ಯಾಂಡುಗಳಲ್ಲಿ ನಾಲ್ಕು ವರ್ಷ ಪಳಗಿದವರು. ಮುಂಬಯಿಯ ಹೋಟೆಲುಗಳಲ್ಲಿ 1930-40ರ ದಶಕದಲ್ಲಿ ಜಾಝ್ ನುಡಿಸಿದವರಲ್ಲಿ ಗೋವೆಯವರೇ ಬಹಳ, ಆ ರೂಢಿಯ ಎಳೆ ಅಲ್ಲಿ ಇನ್ನೂ ಇದೆ. ತಬಲಾದವರು ಅರವತ್ತರ ಹತ್ತಿರ, ಗಾಯಕರಿಗೆ ಸಾಥ್ ಕೊಟ್ಟೇ ಕೈ ಮಾಗಿಸಿಕೊಂಡವರು. ಡ್ರಮ್ಸ್ ಬೇಡ ಎಂಬುದು ಮೊದಲ ದಿನವೇ ಆದ ತೀರ್ಮಾನ, ಮತ್ತು ಆ ಹೊತ್ತಿಗೆ ಆದ ಒಂದೇ ಸರಿಯಾದ ತೀರ್ಮಾನ. ಚಿಕ್ಕ ಕೋಣೆಯಲ್ಲಿ ಸಿಂಬಲ್ ಮತ್ತು ತಬಲಾ ಜೊತೆಗಿದ್ದರೆ ತಬಲಾದ ಮೈಕಿನೊಳಗೆ ಸಿಂಬಲ್ಲೇ ತುಂಬಿಕೊಳ್ಳುತ್ತದೆ, ಆಮೇಲೆ ಬೇರ್ಪಡಿಸಲು ಬರುವುದಿಲ್ಲ.

ಜುಲೈನ ಕಥೆ

ಸ್ಟುಡಿಯೋ ಭಕ್ತಿಗೀತೆ, ಜಾನಪದ ಆಲ್ಬಮ್ಮುಗಳಿಗೆ ಒಗ್ಗಿದ್ದು. ಅಲ್ಲಿಯ ಪದ್ಧತಿಯಂತೆ ಮೊದಲು ಕ್ಲಿಕ್ (ಲಯ ತೋರುವ ಟಿಕ್ ಟಿಕ್ ಸದ್ದು) ಹಾಕಿ ಗಿಟಾರ್, ಮರುದಿನ 4×6 ಅಡಿಯ ಗೂಡಿನಲ್ಲಿ ತಬಲಾ, ಮೂರನೆಯ ದಿನ ಬೇಸ್. ಹಾಡಿಗೆ ಹಿನ್ನೆಲೆ ಕಟ್ಟಲು ಈ ಕ್ರಮ ಚೆನ್ನಾಗಿಯೇ ಇದೆ. ಜಾಝ್‌ಗೆ ಆಗುವುದಿಲ್ಲ. ಗಿಟಾರಿನವರು ಒಂದು ಸಾಲು ನುಡಿಸಿ ಜಾಗ ಬಿಟ್ಟರೆ ಆ ಜಾಗಕ್ಕೆ ತಬಲಾ ಉತ್ತರ ಕೊಡಬೇಕು. ಉತ್ತರ ಕೇಳಿ ಮುಂದಿನ ಸಾಲು ಹುಟ್ಟಬೇಕು. ಇಲ್ಲಿ ಉತ್ತರ ಮರುದಿನ ಬಂತು. ಕೇಳುವಾಗ ಮೂವರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಫೋನಿನಲ್ಲಿ ಮಾತಾಡಿದ ಹಾಗಿತ್ತು.

ಗಿಟಾರು ಪಿ-90 ಪಿಕಪ್ಪಿನ (ತಂತಿಯ ಕಂಪನ ಹಿಡಿಯುವ ಸುರುಳಿ) ಹಾಲೋಬಾಡಿ, ಅಂದರೆ ಒಡಲು ಟೊಳ್ಳು. ಪಿ-90 ಒಂದೇ ಸುರುಳಿಯ ಪಿಕಪ್, ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಎಳೆದುಕೊಳ್ಳುತ್ತದೆ. ನಮ್ಮ ಮನೆಯ ಕರೆಂಟ್ 50 ಹರ್ಟ್ಝ್; ಅದರ ದುಪ್ಪಟ್ಟು 100ರಲ್ಲಿ ಗುಂಯ್ ಇನ್ನೂ ಜೋರು. ಎರಡನೆಯ ದಿನ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಕೆಲಸ ನಡೆಯಿತು. ಅಗ್ಗದ ಮನೆ ಇನ್ವರ್ಟರ್ ಕೊಡುವುದು ಚೌಕ ಅಲೆ, ಅದರಿಂದ ಗುಂಯ್ ಹೋಗಿ ಚರ್‌ಚರ್ ಎಂಬ ಗರಗಸದ ಸದ್ದು ಬಂತು. ಅದನ್ನು ಸಾಫ್ಟ್‌ವೇರಿನಿಂದ ತೆಗೆಯಹೋಗಿ ತಂತಿಯ ಮೇಲಿನ ಬೆರಳಿನ ಸದ್ದೂ ಹೋಯಿತು.

ಮಳೆಗಾಲದ ಲೆಕ್ಕವನ್ನಂತೂ ಯಾರೂ ಹಾಕಿರಲಿಲ್ಲ. ತೇವಕ್ಕೆ ತಬಲಾದ ಚರ್ಮ ಸಡಿಲಿ ಸ್ವರ ಇಳಿಯುತ್ತದೆ. ಬಿಸಿಗೆ ಚರ್ಮ ಒಣಗಿದರೆ ಸ್ವರ ಏರುತ್ತದೆ. ಗಿಟಾರ್ ತಂತಿ ಇದಕ್ಕೆ ಉಲ್ಟಾ: ಬಿಸಿಗೆ ಹಿಗ್ಗಿ ಇಳಿಯುತ್ತದೆ. ಒಂದು ಏರುತ್ತ, ಒಂದು ಇಳಿಯುತ್ತ, ಅದೂ ಬೇರೆ ಬೇರೆ ದಿನ ರೆಕಾರ್ಡ್ ಆದದ್ದು. ಒಂಬತ್ತರಲ್ಲಿ ನಾಲ್ಕು ಟ್ಯೂನ್ ಇದೊಂದೇ ಕಾರಣಕ್ಕೆ ಬಿದ್ದುಹೋದವು.

ಸಾ ಯಾವುದು?

ಉಳಿದ ಐದನ್ನೂ ಕೆಡಿಸಿದ ತಪ್ಪು ಇದಕ್ಕಿಂತ ಹಿಂದಿನದು.

ಜಾಝ್ ಪುಸ್ತಕಗಳಲ್ಲಿ ಟ್ಯೂನ್‌ಗಳು ಬಿ ಫ್ಲಾಟ್, ಎಫ್, ಇ ಫ್ಲಾಟ್ ಶ್ರುತಿಗಳಲ್ಲಿ ಹೆಚ್ಚಾಗಿ ಇರುವುದು ಊದುವ ವಾದ್ಯಗಳ ಅನುಕೂಲಕ್ಕೆ. ಟ್ರಂಪೆಟ್, ಟೆನರ್ ಸ್ಯಾಕ್ಸೋಫೋನ್ ಬಿ ಫ್ಲಾಟ್ ವಾದ್ಯಗಳು, ಆಲ್ಟೊ ಇ ಫ್ಲಾಟ್‌ನದು. ಈ ತಂಡದಲ್ಲಿ ಊದುವವರೇ ಇಲ್ಲ. ಆದರೂ ಪುಸ್ತಕದಲ್ಲಿದ್ದಂತೆ ಬ್ಲೂಸ್ ಬಿ ಫ್ಲಾಟ್‌ನಲ್ಲಿ, ಮುಂದಿನದು ಎಫ್‌ನಲ್ಲಿ, ಅದರ ಮುಂದಿನದು ಇ ಫ್ಲಾಟ್‌ನಲ್ಲಿ ನುಡಿಸಿದರು. ತಬಲಾ ಕೂತಿದ್ದು ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆ), ಅಂದರೆ ಸಿ ಶಾರ್ಪ್‌ನಲ್ಲಿ. ಗಂಡಸರ ಹಾಡಿಕೆಗೆ ಸಾಥ್ ಮಾಡುವವರ ತಬಲಾ ಸಾಮಾನ್ಯವಾಗಿ ಇರುವುದು ಅದರ ಆಸುಪಾಸಿನಲ್ಲಿ. ಗಟ್ಟಾ (ಪಕ್ಕದ ಮರದ ತುಂಡು) ಸರಿಸಿ, ಸುತ್ತಿಗೆ ಬಡಿದು ಅರ್ಧ ಸ್ವರ, ಬಹಳವೆಂದರೆ ಒಂದು ಸ್ವರ ಆಚೀಚೆ ಮಾಡಬಹುದು. ಮೂರು ಅರ್ಧಸ್ವರ ಇಳಿಸಿ ಬಿ ಫ್ಲಾಟ್‌ಗೆ ತಂದರೆ ಚರ್ಮ ಸತ್ತುಹೋಗುತ್ತದೆ, ನಾದ ನಿಲ್ಲುವುದಿಲ್ಲ.

ಹಾಗಾಗಿ ತಬಲಾ ಇದ್ದಲ್ಲೇ ಇತ್ತು. ಬಿ ಫ್ಲಾಟ್ ಬ್ಲೂಸ್‌ನಲ್ಲಿ ಅದರ ನಾದ ಕೋಮಲ ಗಾಂಧಾರವಾಗಿ ಹೇಗೋ ಹೊಂದಿತು. ಬ್ಲೂಸ್‌ನ ಬಣ್ಣವೇ ಅದು. ಎಫ್‌ನಲ್ಲಿ ಕೋಮಲ ಧೈವತವಾಗಿ ಪ್ರತಿ ಕಾರ್ಡಿಗೂ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹುಳಿ ಹಿಂಡಿತು. ಮೊದಲನೆಯದು ಹೊಂದಿತಲ್ಲ, ಎರಡನೆಯದು ಯಾಕೆ ಹೊಂದುತ್ತಿಲ್ಲ ಎಂದು ಒಂದಿಡೀ ಮಧ್ಯಾಹ್ನ ಮೈಕ್ ಬದಲಿಸುತ್ತ ಕಳೆದರು.

ಎರಡನೆಯ ಸಲದ ಮೊದಲ ತೀರ್ಮಾನ: ಏಳರಲ್ಲಿ ಆರು ಟ್ಯೂನ್ ಕಾಳಿ ಒಂದರಲ್ಲಿ. ಆಲ್ಬಮ್ಮಿನುದ್ದಕ್ಕೂ ಒಂದೇ ಶ್ರುತಿ ಇದ್ದರೆ ಬೇಸರ ಬರುತ್ತದೆ ಎಂದು ಜಾಝ್ ಕಲಿತವರು ಹೇಳುತ್ತಾರೆ. ಒಂದೇ ಸಾ ಹಿಡಿದು ಮೂರು ತಾಸಿನ ಕಚೇರಿ ಕೇಳುವ ಊರಿನಲ್ಲಿ ಆ ಭಯ ಅಷ್ಟು ಬೇಕಾಗಿಲ್ಲ. ಏಳನೆಯದು ತಬಲಾ ಇಲ್ಲದ, ಗಿಟಾರ್-ಬೇಸ್ ಜೋಡಿಯ ಬ್ಯಾಲಡ್, ಅಂದರೆ ನಿಧಾನ ಲಯದ ಟ್ಯೂನ್. ಅದು ಎಫ್‌ನಲ್ಲೇ ಉಳಿಯಿತು.

ಗಿಟಾರಿನಲ್ಲಿ ಸಿ ಶಾರ್ಪ್ ತೊಡಕಿನ ಶ್ರುತಿ, ಬಿಚ್ಚು ತಂತಿ ಒಂದೂ ಒದಗುವುದಿಲ್ಲ. ಉಪಾಯ ಎಂದರೆ ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿ, ಬೆರಳು ಡಿ ಶ್ರುತಿಯ ಜಾಗದಲ್ಲಿ ಇಡುವುದು. ಇಳಿಸಿದರೆ ತಂತಿಯ ಬಿಗುವು ಸುಮಾರು 11 ಶೇಕಡಾ ಕಡಿಮೆಯಾಗಿ ಪಟಪಟ ಹೊಡೆದುಕೊಳ್ಳುತ್ತದೆ. ಅದಕ್ಕೆ 12ರ ಸೆಟ್ (ತೀರ ತೆಳು ತಂತಿ ಇಂಚಿನ ಸಾವಿರದಲ್ಲಿ 12 ಪಾಲು ದಪ್ಪ) ಬಿಟ್ಟು 13ರ ಫ್ಲಾಟ್‌ವೌಂಡ್ ಸೆಟ್ ಹಾಕಿದರು. ದಪ್ಪ ಏರಿದ್ದರಿಂದ ಬಿಗುವು ಮೊದಲಿಗಿಂತ ಕೂದಲೆಳೆ ಹೆಚ್ಚೇ ಆಯಿತು. ಹೊಸ ತೊಂದರೆ ಬಂದದ್ದು ನಟ್‌ನಲ್ಲಿ, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಲ್ಲಿ. 12ಕ್ಕೆ ಕೊರೆದ ಸೀಳಿನಲ್ಲಿ 13ರ ತಂತಿ ಸಿಕ್ಕಿಕೊಂಡು, ಬಿರಡೆ ತಿರುವಿದಾಗ ‘ಟಿಂಗ್’ ಎಂದು ಜಾರಿ ಶ್ರುತಿ ಹಾರುತ್ತಿತ್ತು. ಸೀಳನ್ನು ಸಣ್ಣ ಅರದಿಂದ ಅಗಲ ಮಾತ್ರ ಮಾಡಬೇಕು, ಆಳ ಮಾಡಬಾರದು; ಆಳವಾದರೆ ತಂತಿ ಮೊದಲ ಫ್ರೆಟ್ಟಿಗೆ ತಾಗುತ್ತದೆ. ಪೆನ್ಸಿಲ್ ಸೀಸ ಉಜ್ಜಿದರೆ ಸಾಕಾಗುತ್ತದೆ ಎನ್ನುವವರಿದ್ದಾರೆ. ಸಾಕಾಗುವುದಿಲ್ಲ, ಒಂದು ರಾತ್ರಿಗಷ್ಟೇ.

ಸಾ ಒಂದೇ ಆದ ಮೇಲೂ ಕಾರ್ಡುಗಳು ತಿರುಗುತ್ತಲೇ ಇರುತ್ತವೆ, ತಬಲಾದ ಸಾ ನಿಂತೇ ಇರುತ್ತದೆ. ಯಾವ ಕಾರ್ಡಿನ ಮೇಲೆ ಅದು ಕೂರುತ್ತದೆ, ಯಾವುದರ ಮೇಲೆ ಚುಚ್ಚುತ್ತದೆ ಎಂದು ಒಂದೊಂದಾಗಿ ನೋಡಿದರು. ಬ್ಲೂಸ್‌ನಲ್ಲಿ ಮಧ್ಯಮದ ಕಾರ್ಡ್ ಸುರಕ್ಷಿತ, ಸಾ ಅದರ ಪಂಚಮ. ಪಂಚಮದ ಕಾರ್ಡ್ ಅಪಾಯ: ಅದರೊಳಗಿನ ಶುದ್ಧ ನಿಷಾದಕ್ಕೂ ತಬಲಾದ ಸಾಗೂ ಅರ್ಧ ಸ್ವರದ ಜಗಳ. ಅಲ್ಲಿ ಗಿಟಾರು ನಿಷಾದ ಬಿಟ್ಟು ಸಾ ಹಿಡಿಯುವ ಸಸ್ ಫೋರ್ ಕಾರ್ಡ್ ನುಡಿಸುವುದು, ಇಲ್ಲವೇ ತಬಲಾ ಆ ಒಂದು ಬಾರ್ (ನಾಲ್ಕು ಮಾತ್ರೆ) ತಿಟ ತಿಟ ಎಂಬ ಮುಚ್ಚು ಬೋಲಿಗೆ ಇಳಿಯುವುದು. ಅಮೆರಿಕದ ಸಂಗೀತ ರಚನಕಾರ ಗರ್ಶ್ವಿನ್‌ರ 1930ರ ಹಾಡೊಂದರಿಂದ ಬಂದು ಜಾಝ್‌ನಲ್ಲಿ ‘ರಿದಮ್ ಚೇಂಜಸ್’ ಎಂದೇ ಹೆಸರಾದ 32 ಬಾರ್‌ನ ಸರಣಿಯ ನಡುಭಾಗದಲ್ಲಿ ನಾಲ್ಕು ಸೆವೆಂತ್ (ಏಳನೆಯ ಸ್ವರವನ್ನೂ ಸೇರಿಸಿದ) ಕಾರ್ಡುಗಳು ಎರಡೆರಡು ಬಾರ್ ಬರುತ್ತವೆ. ಮೊದಲನೆಯದರಲ್ಲಿ ಅದರ ಪಂಚಮವನ್ನು ಬಿಟ್ಟರೆ ಸಾ ಸಹಿಸುತ್ತದೆ. ಎರಡನೆಯದಕ್ಕೆ ಸಾ ಶಾರ್ಪ್ ನೈನ್ (ಅರ್ಧ ಸ್ವರ ಏರಿಸಿದ ಒಂಬತ್ತನೆಯ ಸ್ವರ) ಆಗಿ ಖಾರ ಹಚ್ಚುತ್ತದೆ. ಮೂರನೆಯದಕ್ಕೆ ಸಾ ಸ್ವತಃ ಸೆವೆಂತ್. ನಾಲ್ಕನೆಯದು ಮತ್ತೆ ಅದೇ ಪಂಚಮದ ಕಾರ್ಡ್, ಮತ್ತೆ ಅದೇ ಮದ್ದು.

ಹಾಳೆ

ತಬಲಾದವರಿಗೆ ಸ್ಟಾಫ್ ನೊಟೇಶನ್ ಬರುವುದಿಲ್ಲ, ಗಿಟಾರಿನವರಿಗೆ ತಬಲಾದ ಕಾಯದಾ-ರೇಲಾ ರಚನೆಗಳು ತಿಳಿಯವು. ಜುಲೈನಲ್ಲಿ ಮೂರನೆಯ ಟ್ಯೂನ್ ಮುಗಿಸುವಾಗ ತಬಲಾದವರು ಕೈ ನಿಲ್ಲಿಸಿ, “ನೀ ಎಲ್ಲಿ ಮುಗಸ್ತೀ ಅನ್ನೂದು ನನಗ ಹೆಂಗ ತಿಳೀಬೇಕೋ ತಮ್ಮಾ?” ಎಂದು ಕೇಳಿದ್ದರು. ಕೇಳಿದ ಹೊತ್ತು ತಪ್ಪಿತ್ತು, ಕೇಳಿದ ಮಾತು ಸರಿಯಿತ್ತು. ನವೆಂಬರಿನಿಂದ ಹನ್ನೊಂದು ತಾಲೀಮು ನಡೆದದ್ದು ಈ ಪ್ರಶ್ನೆಗೆ ಉತ್ತರ ಬರೆಯಲಿಕ್ಕೆ.

ಬರೆದ ಹಾಳೆ ಹೀಗಿತ್ತು. 12 ಬಾರ್‌ನ ಬ್ಲೂಸ್ ಎಂದರೆ ನಾಲ್ಕು ನಾಲ್ಕು ಮಾತ್ರೆಯ 12 ಮನೆ, ಒಟ್ಟು 48 ಮಾತ್ರೆ. ತೀನ್‌ತಾಲಕ್ಕೆ 16 ಮಾತ್ರೆ, ಹಾಗಾದರೆ ಮೂರು ಆವರ್ತನ. ಹಾಳೆಯ ಮೇಲೆ ಮೂರು ಸಾಲು, ಸಾಲಿಗೆ ನಾಲ್ಕು ಮನೆ. ಒಂದು ಸಾಲು ಒಂದು ಆವರ್ತನ. ಪ್ರತಿ ಸಾಲಿನ ಮೂರನೆಯ ಮನೆಗೆ ಪೆನ್ಸಿಲಿನಿಂದ ಮಸಿ ತುಂಬಿದೆ, ಅದು ಖಾಲಿ, ಡಗ್ಗಾ (ಎಡಗೈಯ ತಗ್ಗು ದನಿಯ ತಬಲಾ) ಬಿಡುವು ಪಡೆಯುವ ಜಾಗ. ಆ ಮಸಿಯ ಮನೆಗಳು ಬೀಳುವುದು 3, 7, 11ನೇ ಬಾರ್ ಮೇಲೆ. ಸಾದಾ ಬ್ಲೂಸ್‌ನಲ್ಲಿ ಈ ಮೂರೂ ಬಾರ್‌ಗಳಲ್ಲಿ ಇರುವುದು ಸಾ ಸ್ವರದ ಕಾರ್ಡೇ! ಡಗ್ಗಾ ಸುಮ್ಮನಾಗುವ ಹೊತ್ತಿಗೆ ಪ್ರತಿ ಸಲವೂ ರಾಗ ಮನೆಗೆ ಬಂದಿರುತ್ತದೆ. ಅಮೆರಿಕದ ದಕ್ಷಿಣದಲ್ಲಿ ಹುಟ್ಟಿದ ಚೌಕಟ್ಟು, ಉತ್ತರ ಹಿಂದುಸ್ತಾನದ ತಾಲ. ಒಂದರ ಮೇಲೊಂದು ಇಟ್ಟರೆ ಇಷ್ಟು ಕರಾರುವಾಕ್ಕಾಗಿ ಕೂರುತ್ತವೆ. ಕಾಕತಾಳೀಯವೇ ಇರಬಹುದು, ಬಳಸಿಕೊಳ್ಳದಿದ್ದರೆ ದಡ್ಡತನ.

ಬೇಸಿನವರ ಕೆಲಸವೂ ಇದರಿಂದ ತೀರ್ಮಾನವಾಯಿತು. ಡಗ್ಗಾದ ಗುಮಕು ಮತ್ತು ಬೇಸಿನ ತಗ್ಗು ಸ್ವರಗಳು ಒಂದೇ ಜಾಗಕ್ಕೆ ಬಡಿದಾಡುತ್ತವೆ. ಬೇಸಿನ ಮೂರನೆಯ ತಂತಿಯ ಸಾ 69 ಹರ್ಟ್ಝ್, ಡಗ್ಗಾ ಓಡಾಡುವುದೂ ಅದರ ಸುತ್ತಮುತ್ತ. ಭರಿಯ (ಡಗ್ಗಾ ನುಡಿಯುವ) ಮನೆಗಳಲ್ಲಿ ಬೇಸ್ ಮಾತ್ರೆಗೊಂದು ಸ್ವರವನ್ನು ಗಿಡ್ಡವಾಗಿ ಕತ್ತರಿಸಿ ನಡೆಯುವುದು, ಖಾಲಿಯ ಮನೆಯಲ್ಲಿ ಮಾತ್ರ ಸ್ವರವನ್ನು ಚಾಚುವುದು ಎಂದಾಯಿತು. ಮಿಕ್ಸ್‌ನಲ್ಲಿ ಈಕ್ಯೂ (ತಗ್ಗು-ಮೇಲು ಸ್ವರಗಳನ್ನು ಹೆಚ್ಚುಕಡಿಮೆ ಮಾಡುವ ಗುಂಡಿ) ತಿರುವಿ ಸರಿಮಾಡಲು ಹೆಣಗುವ ಗೊಂದಲ ಹೀಗೆ ಪೆನ್ಸಿಲಿನಿಂದಲೇ ಬಗೆಹರಿಯಿತು.

ಮುಕ್ತಾಯಕ್ಕೆ ತಿಹಾಯಿ, ಅಂದರೆ ಒಂದೇ ತುಂಡನ್ನು ಮೂರು ಸಲ ನುಡಿಸಿ ಮುಗಿಸುವುದು. “ಕಡೀ ಸಾಲು ನೀವು ತಿಹಾಯಿ ತಗೋರಿ ಕಾಕಾ, ನಾ ನಿಮ್ಮ ಕೂಡ ಬೀಳ್ತೀನಿ” ಎಂಬ ಒಪ್ಪಂದ. ಹಾಳೆಯ ಮೂರನೆಯ ಸಾಲಿನ ಮೊದಲ ಮಾತ್ರೆಯಿಂದ ಐದು ಮಾತ್ರೆಯ ತುಂಡು, ಒಂದು ಮಾತ್ರೆ ಬಿಡುವು, ಮತ್ತೆ ಐದು, ಒಂದು ಬಿಡುವು, ಮತ್ತೆ ಐದು: 17. ಹದಿನೇಳನೆಯದೇ ಸಮ್, ಅಂದರೆ ಮುಂದಿನ ಆವರ್ತನದ ಮೊದಲ ಮಾತ್ರೆ. ಮೂರು ಧಾಗಳು ಬೀಳುವುದು 5, 11, 17ನೇ ಮಾತ್ರೆಗೆ. ಅಂದರೆ ಮಧ್ಯಮದ ಕಾರ್ಡಿನ ಮೊದಲ ಮಾತ್ರೆಗೆ, ಸಾದ ಕಾರ್ಡಿನ ನಡುವಿಗೆ, ಕೊನೆಗೆ ಸಾದ ಮೇಲೆ. ಮೂರೂ ಕಡೆ ತಬಲಾದ ನಾದಕ್ಕೆ ಜಾಗ ಇದೆ. ಕ್ಲಿಕ್ ಬೇಕಿಲ್ಲ, ಕಣ್ಸನ್ನೆಯೂ ಬೇಕಿಲ್ಲ.

ಸೋಲೋ ಉದ್ದವನ್ನೂ ಹಾಳೆಯಲ್ಲೇ ಬರೆದರು. 132ರ ಲಯದಲ್ಲಿ ಒಂದು ಸುತ್ತು ಸುಮಾರು 22 ಸೆಕೆಂಡ್. ಜುಲೈನಲ್ಲಿ ಗಿಟಾರಿನವರು ಪ್ರತಿ ಟ್ಯೂನಿನಲ್ಲೂ ಹತ್ತು ಸುತ್ತು ಹೊಡೆದಿದ್ದರು, ಏಳನೆಯದರ ಹೊತ್ತಿಗೆ ಹೇಳುವುದು ಮುಗಿದಿರುತ್ತಿತ್ತು. ಈಗ ಗಿಟಾರಿಗೆ ಐದು, ಬೇಸಿಗೆ ಎರಡು, ತಬಲಾಗೆ ಮೂರು. ಮೊದಲ ಆಲ್ಬಮ್ ಮಾಡುವ ಬಹುತೇಕರು ಕಲಿತದ್ದನ್ನೆಲ್ಲ ಒಂದೇ ತಟ್ಟೆಯಲ್ಲಿ ಬಡಿಸಲು ಹೋಗುತ್ತಾರೆ. ಲೆಕ್ಕ ಬರೆದಿಟ್ಟರೆ ಆ ಚಟ ಹತೋಟಿಗೆ ಬರುತ್ತದೆ.

ಬಗೆಹರಿಯಲು ಹೆಚ್ಚು ದಿನ ಹಿಡಿದದ್ದು ಸ್ವಿಂಗ್. ಮಧ್ಯಮ ಲಯದಲ್ಲಿ ಜಾಝ್‌ನ ಮಾತ್ರೆಗೆ ಎರಡರಂತೆ ಬರುವ ಸ್ವರಗಳು ಸಮ ಇರುವುದಿಲ್ಲ, ಹೆಚ್ಚುಕಮ್ಮಿ ಎರಡಕ್ಕೊಂದು. ಲಯ ಏರಿದಂತೆ ಸಮದ ಕಡೆ ವಾಲುತ್ತವೆ. ತಬಲಾದ ತಿರಕಿಟ ಮಾತ್ರೆಯನ್ನು ನಾಲ್ಕು ಪಾಲು ಮಾಡುತ್ತದೆ, ಸ್ವಿಂಗ್ ಮೂರು ಪಾಲಿನ ಮೇಲೆ ಕೂತಿದೆ. ನಾಲ್ಕು-ಮೂರು ತಿಕ್ಕಾಡಿದರೆ ಗಿಟಾರು ತಡವರಿಸಿದಂತೆ ಕೇಳುತ್ತದೆ, ತಪ್ಪು ಅದರದ್ದಲ್ಲದಿದ್ದರೂ. ತಿಶ್ರ ಜಾತಿ ಎಂದು ಹೇಳಿದೊಡನೆ ತಬಲಾದವರಿಗೆ ಅರ್ಥವಾಯಿತು: ತಕಿಟದಲ್ಲಿ ತ ಮತ್ತು ಟ ಹೊಡೆಯಬೇಕು, ಕಿ ನುಂಗಬೇಕು. ಒತ್ತು ಮಾತ್ರ ಮೈಗೆ ಹತ್ತಲು ನಾಲ್ಕು ತಾಲೀಮು ಬೇಕಾದವು. ತೀನ್‌ತಾಲದ ತೂಕ ಸಮ್ ಮೇಲೆ, ಜಾಝ್‌ನ ತೂಕ ಪ್ರತಿ ಬಾರ್‌ನ 2 ಮತ್ತು 4ರ ಮೇಲೆ. ಕಡೆಗೆ ಠೇಕಾವನ್ನು (ತಾಲದ ಮೂಲ ಬೋಲುಗಳನ್ನು) ಧಿನ್ ನಾ ಧಿನ್ ನಾ ಎಂದು ತಿರುಗಿಸಿ, ಕಿನಾರಿನ (ತಬಲಾದ ಅಂಚಿನ) ಚುರುಕು ‘ನಾ’ 2 ಮತ್ತು 4ಕ್ಕೆ ಬೀಳುವಂತೆ ಮಾಡಿದರು. ತಿರಕಿಟಕ್ಕೆ ಅವಕಾಶ ತಬಲಾ ಸೋಲೋದಲ್ಲಿ ಮಾತ್ರ.

ಪಡಸಾಲೆ

ಮನೆ ಕಲ್ಲುಗೋಡೆಯದು, ತೊಲೆ-ಜಂತಿಯ ಮಾಳಿಗೆ. ಪಡಸಾಲೆ 20 ಅಡಿ ಉದ್ದ, 14 ಅಗಲ, 11 ಎತ್ತರ. ಕೈ ಚಪ್ಪಾಳೆ ತಟ್ಟಿದರೆ ಟರ್ರೆಂದು ಮರುದನಿ. ಗೋಡೆಗೆ ಕೌದಿಗಳನ್ನು ತೂಗುಹಾಕಿದರು, ಗೋಡೆಗೆ ಅಂಟಿಸದೆ ನಾಲ್ಕು ಇಂಚು ಬಿಟ್ಟು. ಅಂಟಿಸಿದರೆ ಕೌದಿ ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ, ಹಿಂದೆ ಗಾಳಿಯ ಜಾಗ ಇದ್ದರೆ ಇನ್ನಷ್ಟು ತಗ್ಗಿನವರೆಗೆ ಕೆಲಸ ಮಾಡುತ್ತದೆ. ನೆಲಕ್ಕೆ ನವಲಗುಂದದ ಎರಡು ಜಮಖಾನೆ. ನಾಲ್ಕೂ ಮೂಲೆಗೆ ಹತ್ತಿಯ ಗಾದಿ ಸುರುಳಿ ಸುತ್ತಿ ನಿಲ್ಲಿಸಿದ್ದು. ದುಡ್ಡು ಕೊಟ್ಟು ತರುವ ತೆಳು ಫೋಮ್ ಹಾಳೆಗಿಂತ ಹಳೆಯ ಹತ್ತಿ ಗಾದಿ ಎಷ್ಟೋ ಮೇಲು.

ಇಷ್ಟಾದರೂ ಒಂದು ಸ್ವರ ಮಾತ್ರ ಊದಿಕೊಳ್ಳುತ್ತಿತ್ತು: ಸುಮಾರು 103 ಹರ್ಟ್ಝ್. ಕಾರಣ ಮಾಳಿಗೆಯ ಎತ್ತರ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತದೆ. ಅದನ್ನು ಎತ್ತರದ ದುಪ್ಪಟ್ಟು, 22ರಿಂದ ಭಾಗಿಸಿದರೆ 51, ಅದರ ಎರಡರಷ್ಟು 103. ಕಾಳಿ ಒಂದರ ಮಂದ್ರ ಪಂಚಮ 103.8. ಆರಿಸಿಕೊಂಡ ಶ್ರುತಿಯ ಪಂಚಮವೇ ಕೋಣೆಯ ಕಾಯಿಲೆ! ಅದರ ಮೇಲೆ ಪಿಕಪ್ಪಿನ ಗುಂಯ್ 100ರಲ್ಲಿ. ಪಂಚಮ ನುಡಿಸಿ ನಿಲ್ಲಿಸಿದರೆ ಎರಡೂ ಸೇರಿ ಸೆಕೆಂಡಿಗೆ ನಾಲ್ಕು ಸಲ ವಾವ್ ವಾವ್ ಎನ್ನುತ್ತಿತ್ತು.

ಗಾದಿಯಿಂದ ಇದು ಹೋಗುವುದಿಲ್ಲ. ನೆಲ-ಮಾಳಿಗೆಯ ನಡುವೆ ನಿಲ್ಲುವ ಈ ಅಲೆಯ ಒತ್ತಡ ಎತ್ತರದ ಕಾಲುಭಾಗದಲ್ಲಿ ಮತ್ತು ಮುಕ್ಕಾಲಿನಲ್ಲಿ ಸೊನ್ನೆಯಾಗುತ್ತದೆ. 11 ಅಡಿಯ ಕಾಲುಭಾಗ 33 ಇಂಚು. ಆಂಪ್ಲಿಫೈಯರನ್ನು ನೆಲದಿಂದ ಎತ್ತಿ, ಸ್ಪೀಕರಿನ ನಡು ಸರಿಯಾಗಿ 33 ಇಂಚಿಗೆ ಬರುವಂತೆ ಗಟ್ಟಿ ಸ್ಟೂಲಿನ ಮೇಲೆ ಇಟ್ಟರು. ಕೋಣೆಯ ಎರಡು ಮೈಕುಗಳನ್ನು 8 ಅಡಿ 3 ಇಂಚಿಗೆ ಏರಿಸಿದರು. ಊತ ಅರ್ಧಕ್ಕಿಂತ ಕಡಿಮೆಯಾಯಿತು. ಆಂಪ್ಲಿಫೈಯರನ್ನು ನೆಲದ ಮೇಲೇ ಇಡುವುದು ಎಲ್ಲರ ರೂಢಿ, ಇಂಥ ಕೋಣೆಯಲ್ಲಿ ಅದೇ ಅತಿ ಕೆಟ್ಟ ಜಾಗ.

ಗುಂಯ್‌ಗೆ ಮದ್ದು ಸರಳ. ಎಲ್ಲ ಉಪಕರಣಕ್ಕೂ ಒಂದೇ ಪ್ಲಗ್ ಪಾಯಿಂಟ್, ಅರ್ಥಿಂಗ್ ಮೊದಲೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷೆ, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಂದ್, ಮನೆಯ ಇನ್ವರ್ಟರ್ ಬಂದ್. ಆಮೇಲೆ ಗಿಟಾರ್ ಹಿಡಿದು ಕುರ್ಚಿಯಲ್ಲಿ ಕೂತು ನಿಧಾನಕ್ಕೆ ಸುತ್ತು ತಿರುಗುವುದು. ಗುಂಯ್ ಕುಗ್ಗುವ ಒಂದು ದಿಕ್ಕು ಸಿಗುತ್ತದೆ. ಅಲ್ಲಿ ಕುರ್ಚಿಯ ಕಾಲಿಗೆ ಸೀಮೆಸುಣ್ಣದ ಗುರುತು.

ಮೈಕುಗಳು ಹೀಗೆ: ಸ್ಪೀಕರಿಗೆ ಎರಡು ಇಂಚು ದೂರದಲ್ಲಿ, ನಡುವಿನಿಂದ ತುಸು ಬದಿಗೆ ಒಂದು ಶೂರ್ ಎಸ್‌ಎಂ 57, ಗಿಟಾರಿನ ಎಫ್ ಆಕಾರದ ತೂತಿನ ಎದುರು ಎಂಟು ಇಂಚಿಗೆ ಒಂದು ಕಂಡೆನ್ಸರ್, ತಂತಿಯ ಒಣ ಸದ್ದಿಗೆ, ತಬಲಾದ ಮೇಲೆ ಹತ್ತು ಇಂಚಿಗೆ ಒಂದು, ಡಗ್ಗಾಕ್ಕೆ ಒಂದು, ಕೋಣೆಗೆ ಎರಡು, ಬೇಸ್ ನೇರ ತಂತಿಯಲ್ಲಿ. ಏಳು ಚಾನೆಲ್, 24 ಬಿಟ್, 48 ಕಿಲೋಹರ್ಟ್ಝ್. ತಾಸಿಗೆ ಸುಮಾರು 3.6 ಜಿಬಿ, ಎರಡು ಡಿಸ್ಕಿಗೆ ಒಟ್ಟಿಗೆ ಬರೆದದ್ದು. ಮೂವರೂ ಹೆಡ್‌ಫೋನ್ ಇಲ್ಲದೆ, ಆರು ಅಡಿಯ ತ್ರಿಕೋನದಲ್ಲಿ ಎದುರುಬದುರು. ಹೆಡ್‌ಫೋನ್ ಇಲ್ಲದಿದ್ದರೆ ಯಾರೂ ಜೋರು ಮಾಡುವುದಿಲ್ಲ. ತಬಲಾ ಕೇಳದಾದರೆ ಗಿಟಾರಿನವರೇ ತಗ್ಗುತ್ತಾರೆ. ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ಸೋರಿತು, ಹೌದು. ಸೋರಲಿ ಎಂದೇ ಬಿಟ್ಟದ್ದು.

ಮಾಳಮಡ್ಡಿಗೆ ರೈಲು ನಿಲ್ದಾಣ ಹತ್ತಿರ. ರಾತ್ರಿ 11ರಿಂದ 3:30ರವರೆಗೆ ಕೆಲಸ, ರೈಲಿನ ವೇಳೆ ಗೋಡೆಯ ಮೇಲೆ ಬರೆದಿಟ್ಟು ನಡುವಿನ ಬಿಡುವುಗಳಲ್ಲಿ ಟೇಕ್. ಲಯಕ್ಕೆ ಮೆಟ್ರೊನೋಮ್ ಎಂಟು ಮಾತ್ರೆ ಕೇಳಿಸಿ ಬಂದ್. ಎರಡು ಟೇಕಿಗೊಮ್ಮೆ ತಬಲಾ, ಗಿಟಾರ್ ಎರಡನ್ನೂ ಟ್ಯೂನರಿಗೆ ಹಿಡಿಯುವುದು. ಜನವರಿಯ ಒಣ ಚಳಿಯಲ್ಲಿ ಚರ್ಮ ಹೆಚ್ಚು ಅಲುಗಲಿಲ್ಲ. ಟ್ಯೂನಿಗೆ ಮೂರು ಟೇಕ್‌ಗಿಂತ ಹೆಚ್ಚು ಬೇಡ ಎಂಬ ನಿಯಮ ಒಮ್ಮೆ ಮಾತ್ರ ಮುರಿಯಿತು.

ಭೀಮಪಲಾಸಿಯ ಧೈವತ

ಮುರಿದದ್ದು ಭೀಮಪಲಾಸಿ ಆಧರಿಸಿದ ಟ್ಯೂನಿಗೆ. ಈ ರಾಗದ ಸ್ವರಗಳನ್ನು ಸಾಲಾಗಿ ಇಟ್ಟರೆ ಜಾಝ್‌ನ ಡೋರಿಯನ್ ಮೋಡ್ (ಸ್ವರಶ್ರೇಣಿ). ಡೋರಿಯನ್ ಕಂಡೊಡನೆ ಜಾಝ್ ಗಿಟಾರಿನವರ ಕೈ ತಾನಾಗಿ ಸಾದ ಮೈನರ್ ಕಾರ್ಡಿನಿಂದ ಮಧ್ಯಮದ ಸೆವೆಂತಿಗೆ ಹೋಗಿಬಂದು ಮಾಡುತ್ತದೆ. ಆ ಮಧ್ಯಮದ ಕಾರ್ಡಿನ ಗಾಂಧಾರ ಎಂದರೆ ರಾಗದ ಶುದ್ಧ ಧೈವತ. ಭೀಮಪಲಾಸಿಯ ಆರೋಹದಲ್ಲಿ ರಿಷಭ, ಧೈವತ ಎರಡೂ ವರ್ಜ್ಯ. ಅವರೋಹದಲ್ಲೂ ಹಾಗೆ ಮುಟ್ಟಿ ಹೀಗೆ ಬಿಡುವ ಸ್ವರ ಅದು. ಅದರ ಮೇಲೆ ಒಂದಿಡೀ ಕಾರ್ಡ್ ಕಟ್ಟಿ ಎರಡು ಬಾರ್ ಕೂತರೆ ಕಾಫಿ ರಾಗವಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಹಾಡಿದ ಊರಿನಲ್ಲಿ ಇದನ್ನು ಕೇಳಿ ಸುಮ್ಮನಿರುವವರು ಕಡಿಮೆ.

ಪರಿಹಾರ ಗಾಂಧಾರದ ಮೇಲೆ ಗಾಂಧಾರ ಪೇರಿಸುವ ಕಾರ್ಡುಗಳನ್ನು ಬಿಟ್ಟು ಮಧ್ಯಮದ ಮೇಲೆ ಮಧ್ಯಮ ಪೇರಿಸುವುದು: ಸಾ, ಮ, ಕೋಮಲ ನಿ, ಕೋಮಲ ಗ. ನಾಲ್ಕೂ ಆರೋಹದ ಸ್ವರಗಳೇ, ಧೈವತದ ಹಂಗಿಲ್ಲ. ಮೀಂಡಿನ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದರ, ತೊಂದರೆ ಉಳಿಯಿತು. 13ರ ಫ್ಲಾಟ್‌ವೌಂಡ್ ತಂತಿ ಎಳೆದರೆ ಅರ್ಧ ಸ್ವರ ಕೂಡ ಕಷ್ಟ, ಸಿತಾರಿನಂತೆ ಒಂದೇ ಪರದೆಯಲ್ಲಿ ನಾಲ್ಕೈದು ಸ್ವರ ಎಳೆಯುವ ಮಾತೇ ಇಲ್ಲ. ಬೆರಳು ಜಾರಿಸಿದರೆ ಫ್ರೆಟ್ಟಿನ ಮೆಟ್ಟಿಲು ಕೇಳಿಸುತ್ತದೆ. ಐದನೆಯ ಟೇಕಿನ ಹೊತ್ತಿಗೆ ಮೀಂಡನ್ನು ಫ್ರೆಟ್‌ಲೆಸ್ ಬೇಸಿಗೆ ಒಪ್ಪಿಸಿ, ಗಿಟಾರು ಕಾರ್ಡು ಮತ್ತು ಬಿಡಿ ಸ್ವರಕ್ಕೆ ನಿಂತಿತು. ಆಲ್ಬಮ್ಮಿನ ಒಳ್ಳೆಯ ಟ್ರ್ಯಾಕ್ ಇದೇ.

ಹಕ್ಕು, ಮಿಕ್ಸ್, ಲೆಕ್ಕ

ಒಂಬತ್ತು ಏಳಾದದ್ದು ಸಂಗೀತದ ಕಾರಣಕ್ಕಲ್ಲ. ಮೊದಲ ಪಟ್ಟಿಯಲ್ಲಿ ಅಮೆರಿಕದ ಎರಡು ಹಳೆಯ ಟ್ಯೂನ್‌ಗಳಿದ್ದವು, ಬೇಂದ್ರೆಯವರ ಕವಿತೆಯೊಂದರ ಜನಪ್ರಿಯ ಧಾಟಿಯೂ ಇತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಮಿನಂತೆ ಕವರ್ ಮಾಡಲು ಬರುತ್ತದೆ, ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ನೂರು ಸಿಡಿ ಮಾಡುವವರಿಗೆ ಅದು ಆಗದ ಮಾತು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಪದ್ಯಗಳ ಹಕ್ಕು 2041ರ ಕೊನೆಯವರೆಗೆ. ಬರೀ ವಾದ್ಯದಲ್ಲಿ ನುಡಿಸಿದರೆ ಪದ್ಯದ ಪ್ರಶ್ನೆ ಬರುವುದಿಲ್ಲ, ಧಾಟಿ ಹಾಕಿದವರ ಹಕ್ಕು ಬರುತ್ತದೆ. ಜನ ಮರೆಯುವುದು ಇದನ್ನೇ. ಬೇಂದ್ರೆ ಧಾಟಿ ಮತ್ತು ಒಂದು ಅಮೆರಿಕನ್ ಟ್ಯೂನನ್ನು ಕೈಬಿಟ್ಟರು. ಇನ್ನೊಂದರ ರಾಗವನ್ನು ತೆಗೆದು ಅದೇ ಕಾರ್ಡುಗಳ ಮೇಲೆ ಹೊಸ ರಾಗ ಬರೆದರು. 1940ರ ದಶಕದಲ್ಲಿ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಮತ್ತು ಸಂಗಡಿಗರು ಹೀಗೆಯೇ ಮಾಡುತ್ತಿದ್ದರು. ಕಾರ್ಡಿನ ಸಾದಾ ಸರಣಿಗೆ ಯಾರ ಒಡೆತನವೂ ಇರುವುದಿಲ್ಲ. ಮೂವರ ನಡುವೆ ಒಂದು ಪುಟದ ಕರಾರು ಆಯಿತು: ರಚನೆ ಯಾರದು, ರಾಯಲ್ಟಿಯಲ್ಲಿ ಪಾಲೆಷ್ಟು, ಹೆಸರು ಎಲ್ಲಿ ಬರಬೇಕು.

ಮಿಕ್ಸ್‌ನಲ್ಲಿ ಮಾಡಿದ್ದು ಕಡಿಮೆ. ತಬಲಾ, ಡಗ್ಗಾ ಮೈಕುಗಳಲ್ಲಿ ಒಂದರ ಪೊಲಾರಿಟಿ (ಅಲೆಯ ಮೇಲು-ಕೆಳಗು) ತಿರುಗಿಸಿ ಯಾವುದು ತುಂಬಿದಂತೆ ಕೇಳುತ್ತದೋ ಅದನ್ನು ಇಟ್ಟುಕೊಂಡದ್ದು. ಕೋಣೆಯ ಮೈಕಿನಲ್ಲಿ ಮಾತ್ರ 103ರ ಹತ್ತಿರ 3 ಡೆಸಿಬೆಲ್ ಇಳಿಸಿದ್ದು. ಮಾಸ್ಟರಿಂಗ್ ಮೊದಲ ಸಲ −8 ಎಲ್‌ಯುಎಫ್‌ಎಸ್‌ಗೆ ಒತ್ತಿ ಬಂತು (ಅದು ಸದ್ದಿನ ಜೋರಿನ ಅಳತೆ), ಸಿನಿಮಾ ಹಾಡಿನ ಜೋರು. ತಬಲಾದ ‘ನಾ’ ಚಪ್ಪಟೆಯಾಗಿತ್ತು. ಸ್ಪಾಟಿಫೈ ಹೇಗೂ ಎಲ್ಲವನ್ನೂ −14ರ ಸುತ್ತ ಇಳಿಸಿಯೇ ಕೇಳಿಸುತ್ತದೆ, ಒತ್ತಿಸಿಕೊಂಡು ಲಾಭವಿಲ್ಲ. ವಾಪಸ್ ಕಳಿಸಿ −15ಕ್ಕೆ, ತುತ್ತತುದಿ −1 ಡೆಸಿಬೆಲ್‌ಗೆ ಮಾಡಿಸಿದರು. ಬ್ಯಾಲಡ್‌ನ ಕೊನೆಯ ಬಾರ್‌ನಲ್ಲಿ ದೂರದ ರೈಲಿನ ಕೂಗು ಉಳಿದುಕೊಂಡಿದೆ. ಅದಕ್ಕಿಂತ ಒಳ್ಳೆಯ ಟೇಕ್ ಇರಲಿಲ್ಲ.

ಖರ್ಚು: ಜುಲೈನ 38 ತಾಸು, ತಾಸಿಗೆ 700ರಂತೆ 26,600 ರೂಪಾಯಿ, ಪೂರ್ತಿ ನೀರಿಗೆ. ಜನವರಿಯಲ್ಲಿ ಮೈಕ್ ಬಾಡಿಗೆ 9,000, ಎಂಜಿನಿಯರ್ 15,000, ಇಬ್ಬರು ವಾದಕರಿಗೆ 24,000, ಮಿಕ್ಸ್ 21,000, ಮಾಸ್ಟರಿಂಗ್ 7,000, ಮುಖಪುಟ 5,000, ತಂತಿ ಮತ್ತು ನಟ್ ಕೆಲಸ 4,000, ವಿತರಣೆ 2,000, ಒಟ್ಟು 87,000. ಹನ್ನೊಂದು ತಾಲೀಮಿಗೆ ಚಹಾ-ಮಿರ್ಚಿಯ ಹೊರತು ಖರ್ಚಿಲ್ಲ. ಇನ್ನೊಮ್ಮೆ ಮಾಡುವುದಾದರೆ ಬದಲಿಸಬೇಕಾದದ್ದು ಬೇಸಿನ ರೆಕಾರ್ಡಿಂಗ್: ನೇರ ತಂತಿಯ ಸದ್ದು ಉಳಿದೆರಡರ ಪಕ್ಕ ಒಣಗಿದಂತಿದೆ, ಒಳಕೋಣೆಯಲ್ಲಿ ಅದಕ್ಕೂ ಒಂದು ಸ್ಪೀಕರ್ ಇಟ್ಟು ಏಳನೆಯ ಮೈಕ್ ಹಿಡಿಯಬೇಕಿತ್ತು. ಇಂಟರ್‌ಫೇಸ್‌ನಲ್ಲಿ ಒಂದು ಚಾನೆಲ್ ಖಾಲಿಯೇ ಇತ್ತು.